ಚಪ್ಪಲಿ ಸಾಲು ನೋಡುತ್ತಿದ್ದ ಅಕ್ಕೋರು

ನಮ್ಮ ಅಕ್ಕೋರ ಎಡಗೈ ಪೂರ್ತಿ ಚಾಚಿಕೊಳ್ಳುತ್ತಿರಲಿಲ್ಲ. ಮೊಣಕೈ ಒಂದು ಹಂತಕ್ಕೆ ಬಂದು ನಿಂತುಬಿಡುತ್ತಿತ್ತು, ಅದಕ್ಕಿಂತ ಮುಂದೆ ಎಷ್ಟು ಎಳೆದರೂ ಹೋಗುತ್ತಿರಲಿಲ್ಲ. ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ 'ಕೈ ನೆಟ್ಟಗ, ಬೆರಳಿನ ತನಕ ನೆಟ್ಟಗ' ಎಂದು ಕೂಗುವಾಗ ಅವರ ಬಲಗೈ ಕೋಲಿನಂತೆ ಮೇಲೆದ್ದಿರುತ್ತಿತ್ತು, ಎಡಗೈ ಮಾತ್ರ ಯಾರನ್ನೋ ಕರೆಯುವ ಹಾಗೆ ಮಡಚಿಕೊಂಡಿರುತ್ತಿತ್ತು. ಹೊಸದಾಗಿ ಸೇರಿದ ಹುಡುಗಿಯರು ಅದೇ ಸರಿಯಾದ ಭಂಗಿ ಎಂದುಕೊಂಡು ತಾವೂ ಎಡಗೈ ಮಡಚಿ ನಿಲ್ಲುವರು. ಆಗ ಅವರು ನಗುತ್ತ ಹೇಳುವರು, 'ನನ್ನ ಕೈ ನೋಡಬ್ಯಾಡ್ರಿ, ನನ್ನ ಬಾಯಿ ಕೇಳ್ರಿ.'

ಅವರು ಸುರಪುರದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ದೈಹಿಕ ಶಿಕ್ಷಕಿ. ನಮ್ಮ ಕಡೆ ಕಲಿಸುವ ಹೆಂಗಸರೆಲ್ಲ ಅಕ್ಕೋರೇ. ಆದರೆ ಅದೇ ಊರಿನ ನಮ್ಮ ರಂಗಂಪೇಟೆಯಲ್ಲಿ ಬರೀ 'ಅಕ್ಕೋರು' ಎಂದರೆ ಇವರೊಬ್ಬರೇ. ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ಕೆಳಗೆ ಬಿಳಿ ಕ್ಯಾನ್ವಾಸ್ ಬೂಟು ಹಾಕಿ, ಕೊರಳಲ್ಲಿ ಸೀಟಿ ತೂಗಿಸಿಕೊಂಡು ಅವರು ಪೇಟೆಯಲ್ಲಿ ಬರುತ್ತಿದ್ದರೆ ಸೈಕಲ್ ಮೇಲಿದ್ದ ಹುಡುಗರು ತಾವಾಗಿ ಇಳಿದು ನಡೆಯುತ್ತಿದ್ದರು. ಮದುವೆಯಾಗಿರಲಿಲ್ಲ. ಯಾಕೆಂದು ಕೇಳಿದವರಿಗೆ 'ಟೈಮ್ ಸಿಗಲಿಲ್ರಿ' ಎನ್ನುವರು, ಬಸ್ಸು ತಪ್ಪಿದ ಸಂಗತಿ ಹೇಳುವಷ್ಟೇ ಹಗುರಾಗಿ.

ನಮ್ಮಪ್ಪನದು ರಂಗಂಪೇಟೆಯಲ್ಲಿ ಕಿರಾಣಿ ಅಂಗಡಿ. ನಾನು ಹುಟ್ಟಾ ಮಂಗ್ಯಾ. ಜೋಳದ ಚೀಲಗಳ ಮೇಲೆ ಹತ್ತಿ ಅಲ್ಲಿಂದ ಬಾಗಿಲಿಗೆ ಜಿಗಿಯುವುದು ನನ್ನ ದಿನದ ಕೆಲಸ. ಒಮ್ಮೆ ಅಕ್ಕೋರು ಚಹಾಪುಡಿ ಕೊಳ್ಳಲು ಬಂದಾಗ ನಾನು ಸರಿಯಾಗಿ ಅವರ ಮುಂದೆ ಬಂದು ಇಳಿದೆ. ಅವರು ಬೆಚ್ಚಲಿಲ್ಲ. ನನ್ನ ಪಾದಗಳನ್ನು ನೋಡಿದರು.

'ಸಾವ್ಕಾರ್ರ, ಈ ಹುಡುಗೀನ ಸಂಜಿಮುಂದ ನನಗ ಕೊಡ್ರಿ' ಎಂದರು.

'ತಕ್ಕೊಂಡ ಹೋಗ್ರಿ ಅಕ್ಕೋರ. ಗಿರಾಕಿ ಹೆದರಿ ಬರವಲ್ರು' ಎಂದ ಅಪ್ಪ. ಹೀಗೆ ಕಾಲು ಕಿಲೋ ಚಹಾಪುಡಿಯ ಜೊತೆಗೆ ನಾನೂ ಅವರ ಪಾಲಿಗೆ ಹೋದೆ.

ಶಾಲೆಯ ಹಿಂದೆ ಒಂದು ಹಳೆಯ ಕಲ್ಲಿನ ಕಟ್ಟಡವಿತ್ತು. ಮೊದಲು ಮುರಿದ ಬೆಂಚು ತುಂಬಿಡುತ್ತಿದ್ದ ಜಾಗ. ಅಕ್ಕೋರು ಅದನ್ನು ಖಾಲಿ ಮಾಡಿಸಿ ನಮ್ಮ ಜಿಮ್ನಾಸ್ಟಿಕ್ಸ್ ಹಾಲ್ ಮಾಡಿದ್ದರು. ನೆಲ ಶಹಾಬಾದ್ ಫರಸಿ ಕಲ್ಲಿನದು; ಅದರ ಮೇಲೆ ಬಿದ್ದರೆ ಕಥೆ ಮುಗಿದಂತೆ. ಸರಿಯಾದ ಮ್ಯಾಟು ಬರಲು ಎಷ್ಟೋ ವರ್ಷ ಹಿಡಿಯಿತು, ಅಲ್ಲಿಯವರೆಗೆ ನಾವು ಬಿದ್ದದ್ದು ಕೌದಿಗಳ ಮೇಲೆ. ಸೇರುವ ಪ್ರತಿ ಹುಡುಗಿಯೂ ಮನೆಯಿಂದ ಒಂದು ಹಳೇ ಕೌದಿ ತರಬೇಕು, ಅದೇ ಫೀಸು. ಅವನ್ನು ಒಂದರ ಮೇಲೊಂದು ಹಾಸಿ, ದಬ್ಬಣದಿಂದ ಹೊಲಿದು, ಅಕ್ಕೋರು ದಪ್ಪ ಹಾಸಿಗೆ ಮಾಡಿದ್ದರು. ಮೂಗು ಮುಂದಾಗಿ ಬಿದ್ದಾಗ ಯಾರ ಮನೆಯ ಕೌದಿ ಮೇಲೆ ಬಿದ್ದೆವೆಂದು ವಾಸನೆಯಿಂದಲೇ ಗೊತ್ತಾಗುತ್ತಿತ್ತು. ನಮ್ಮ ಮನೆಯದರಲ್ಲಿ ಬೆಲ್ಲ ಮತ್ತು ಒಣಮೆಣಸಿನಕಾಯಿ ವಾಸನೆ. ಅದರ ಮೇಲೆ ಬಿದ್ದವರು ಸೀನುತ್ತ ಏಳುತ್ತಿದ್ದರು.

ಜಿಮ್ನಾಸ್ಟಿಕ್ಸ್ ನೋಡುವವರಿಗೆ ಹಾರುವ ಆಟ, ಆಡುವವರಿಗೆ ಬೀಳುವ ಆಟ. ನಮ್ಮಲ್ಲಿ ಒಬ್ಬಳ ಪಾದ ಉಳುಕಿದ್ದು ವಾಸಿಯಾಗುವ ಹೊತ್ತಿಗೆ ಇನ್ನೊಬ್ಬಳ ಮೊಣಕಾಲು ಊದಿರುತ್ತಿತ್ತು. ಬೆನ್ನು, ಭುಜ, ಮಣಿಕಟ್ಟು, ಹಿಮ್ಮಡಿ, ಎಲ್ಲಕ್ಕೂ ಸರದಿ ಇತ್ತು. ಅದಕ್ಕಿಂತ ಕೆಟ್ಟದ್ದೆಂದರೆ ನಾವು ನೋವನ್ನು ಬಚ್ಚಿಡುತ್ತಿದ್ದೆವು. ಮನೆಯಲ್ಲಿ ಗೊತ್ತಾದರೆ ಅವ್ವ ಬಿಡಿಸುತ್ತಾಳೆ, ಹಾಲ್‌ನಲ್ಲಿ ಗೊತ್ತಾದರೆ ಅಕ್ಕೋರು ಕೂರಿಸುತ್ತಾರೆ. ಹಾಗಾಗಿ ಕಾಲುಚೀಲದೊಳಗೆ ಅರಿಶಿಣ ಬಳಿದುಕೊಂಡು ಬರುವವರು, ಕುಂಟುವುದು ಕಾಣಬಾರದೆಂದು ಓಡಿಯೇ ಒಳಗೆ ಬರುವವರು, ಎಲ್ಲ ನಮೂನೆಯ ಕಳ್ಳಿಯರೂ ಅಲ್ಲಿದ್ದರು.

ಅಕ್ಕೋರು ಇದಕ್ಕೆ ತಮ್ಮದೇ ಉಪಾಯ ಮಾಡಿಕೊಂಡಿದ್ದರು. ಒಬ್ಬೊಬ್ಬಳನ್ನೂ ಹತ್ತಿರ ಕರೆದು, 'ಎಲ್ಲಿ ನೋಯಾಕತ್ತದ?' ಎಂದು ಕೇಳುವರು. ನೋವಿದೆಯಾ ಎಂದಲ್ಲ, ಎಲ್ಲಿ ಎಂದು. ಮುಂದೆ ನಾನು ದೊಡ್ಡವಳಾದ ಮೇಲೆ ಅದರ ಗುಟ್ಟು ಹೇಳಿದ್ದರು: 'ನೋವದ ಏನು ಅಂದ್ರ ಇಲ್ಲ ಅಂತೀರಿ. ಎಲ್ಲಿ ಅಂದ್ರ ನಿಮ್ಮ ಕೈ ತಾನ ಅಲ್ಲಿಗಿ ಹೋಗ್ತದ.'

ಇನ್ನೊಂದು ಪದ್ಧತಿ ಚಪ್ಪಲಿಗಳದ್ದು. ಹಾಲ್‌ನ ಬಾಗಿಲ ಹೊರಗೆ ನಾವು ಚಪ್ಪಲಿ ಸಾಲಾಗಿ ಬಿಡಬೇಕು. ನಾವು ಒಳಗೆ ಮೈ ಬಿಸಿ ಮಾಡಿಕೊಳ್ಳುತ್ತಿದ್ದಾಗ ಅಕ್ಕೋರು ಹೊರಗೆ ಕುಕ್ಕರುಗಾಲಲ್ಲಿ ಕೂತು ಆ ಸಾಲನ್ನು ನೋಡುತ್ತ ಮುಂದೆ ಸರಿಯುವರು. ಹಿಮ್ಮಡಿ ಚಪ್ಪಲಿಯ ಹಿಂದಿನ ಅಂಚನ್ನು ದಾಟಿ ತುಳಿದ ಗುರುತಿದ್ದರೆ ಆ ಹುಡುಗಿ ಬೆಳೆಯುತ್ತಿದ್ದಾಳೆ ಎಂದು ಅರ್ಥ. ಸರಸರನೆ ಬೆಳೆಯುವ ಆ ಕೆಲವು ತಿಂಗಳು ಅವಳಿಗೆ ಎತ್ತರದಿಂದ ಜಿಗಿತವಿಲ್ಲ, ಪಲ್ಟಿ ಇಲ್ಲ, ಕೈ ಮೇಲೆ ನಿಲ್ಲುವುದೂ ಇಲ್ಲ. ಎಲುಬಿನ ತುದಿ ಆಗ ಹಸಿಯಾಗಿರುತ್ತದೆ, ಪೆಟ್ಟು ಅಲ್ಲಿಗೇ ಬೀಳುತ್ತದೆ ಎಂದು ಅವರು ಯಾವುದೋ ತರಬೇತಿ ಶಿಬಿರದಲ್ಲಿ ಕಲಿತು ಬಂದಿದ್ದರು. ನಮಗೆ ತಿಳಿಯುವ ಹಾಗೆ ಹೇಳುವಾಗ ಮಾತ್ರ, 'ಹೊಸಾ ಗ್ವಾಡಿ ಒಣಗೂದ್ರಾಗ ಅದರ ಮ್ಯಾಲ ಮಾಳಗಿ ಹೇರ್ತಾರೇನು?' ಎನ್ನುವರು.

ಒಂದು ಸಲ ಯಾದಗಿರಿಯ ಸ್ಪರ್ಧೆಗೆ ಮುಂಚೆ ನಮ್ಮೆಲ್ಲರಿಗಿಂತ ಚೆನ್ನಾಗಿ ಹಾರುತ್ತಿದ್ದ ನನ್ನ ಗೆಳತಿಯನ್ನು ಅವರು ಹೀಗೆ ಕೂರಿಸಿಬಿಟ್ಟರು. ಅವಳು ಅಳುತ್ತ, 'ನಾ ಏನ ತಪ್ಪ ಮಾಡೀನ್ರಿ ಅಕ್ಕೋರ?' ಎಂದಳು.

'ಬೆಳ್ದೀ ಅಲ್ಲ, ಅದ ತಪ್ಪು' ಎಂದು ಅವಳ ಕಣ್ಣು ಒರೆಸಿದರು. 'ಸ್ಪರ್ಧಾ ಮುಂದಿನ ವರ್ಷಾನೂ ಬರ್ತದ. ಕಾಲು ಇವ ಎರಡ.'

ಅದರ ಮರುದಿನ ನಾವು ಅಷ್ಟೂ ಮಂದಿ ಬರಿಗಾಲಲ್ಲಿ ಹೋದೆವು. ಚಪ್ಪಲಿಯೇ ಇಲ್ಲದಿದ್ದರೆ ಯಾರನ್ನು ಹಿಡಿಯುತ್ತಾರೆ ಎಂಬುದು ನಮ್ಮ ಲೆಕ್ಕ. ನಮ್ಮ ಕಡೆಯ ಬಿಸಿಲು ಗೊತ್ತಿದ್ದವರಿಗೆ ಆ ಪ್ರಯಾಣವನ್ನು ಬಣ್ಣಿಸಬೇಕಿಲ್ಲ. ನೆರಳಿನಿಂದ ನೆರಳಿಗೆ ಓಡುತ್ತ, ಅಂಗಾಲು ಬೊಬ್ಬೆ ಎಬ್ಬಿಸಿಕೊಂಡು ತಲುಪಿದೆವು. ಅಕ್ಕೋರು ಖಾಲಿ ಬಾಗಿಲು ನೋಡಿದರು, ನಮ್ಮ ಮುಖ ನೋಡಿದರು, ಗೋಣಿಚೀಲಗಳನ್ನು ನೀರಲ್ಲಿ ಅದ್ದಿ ತಂದು ನೆಲಕ್ಕೆ ಹಾಸಿ, 'ನಿಂದ್ರಿ ಇದರ ಮ್ಯಾಲ' ಎಂದರು. ನಾವು ಹಾಯೆನ್ನುತ್ತ ನಿಂತೆವು. ಆಮೇಲೆ ಅಕ್ಕೋರು ನಗು ತಡೆಯಲಾರದೆ, 'ಚಪ್ಪಲಿ ಮನ್ಯಾಗ ಬಿಟ್ಟು ಬಂದೀರಿ, ಕಾಲು ತಂದೀರಿ! ಕಾಲ ನೋಡಿದ್ರ ನನಗ ತಿಳ್ಯಾಂಗಿಲ್ಲೇನು?' ಎಂದರು. ಆ ದಿನ ಅಭ್ಯಾಸ ನಡೆಯಲಿಲ್ಲ. ನಮ್ಮ ಬೊಬ್ಬೆಗಳಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತ ಕೂತರು.

ಇಷ್ಟು ಎಚ್ಚರದ ಹೆಣ್ಣುಮಗಳು ನನ್ನ ವಿಷಯದಲ್ಲಿ ಎಡವಿದರು. ಅದನ್ನು ಹೇಳದೆ ಅವರ ಚಿತ್ರ ಪೂರ್ತಿಯಾಗುವುದಿಲ್ಲ. ಹೇಳದೆ ಬಿಟ್ಟರೆ ಅವರೇ ನನ್ನನ್ನು ಬೈದಾರು.

ನಾನು ಏಳನೇ ಇಯತ್ತೆಯಲ್ಲಿದ್ದ ವರ್ಷ ಬಲಗೈ ಮಣಿಕಟ್ಟು ನೋಯಲು ಶುರುವಾಯಿತು. ಬಿದ್ದಿರಲಿಲ್ಲ, ಉಳುಕಿರಲಿಲ್ಲ. ಕೈ ಮೇಲೆ ನಿಂತಾಗ ಒಳಗೆ ಯಾರೋ ಸೂಜಿ ಇಟ್ಟಂತಾಗುತ್ತಿತ್ತು, ಕೈ ತೆಗೆದರೆ ಹೋಗುತ್ತಿತ್ತು. ಅವರು 'ಎಲ್ಲಿ ನೋಯಾಕತ್ತದ?' ಎಂದ ದಿನವೇ ನಾನು ಮಣಿಕಟ್ಟು ತೋರಿಸಿದೆ. ಅವರು ಒತ್ತಿ ನೋಡಿದರು, ತಿರುಗಿಸಿ ನೋಡಿದರು. ಎದ್ದು ಬಾಗಿಲಿಗೆ ಹೋಗಿ ನನ್ನ ಚಪ್ಪಲಿ ಕೈಯಲ್ಲಿ ಹಿಡಿದು ನೋಡಿದರು. ಹಿಮ್ಮಡಿಯ ಗುರುತು ಅಂಚಿನಿಂದ ಎಷ್ಟೋ ಒಳಗಿತ್ತು.

'ಬೆಳವಣಗಿದ್ದಲ್ಲ ಇದು, ಸಾದಾ ನೋವು' ಎಂದರು. ಪಟ್ಟಿ ಸುತ್ತಿದರು, ಒಂದು ವಾರ ಸುಮ್ಮನೆ ಕೂರಿಸಿದರು. ನೋವು ಕಡಿಮೆಯಾಯಿತು. ಮತ್ತೆ ಶುರುಮಾಡಿದೆ. ಮತ್ತೆ ನೋವು, ಮತ್ತೆ ಪಟ್ಟಿ, ಮತ್ತೆ ಚಪ್ಪಲಿ ನೋಡುವುದು. ಪ್ರತಿ ಸಲವೂ ಚಪ್ಪಲಿ ಅದೇ ಉತ್ತರ ಕೊಟ್ಟಿತು.

ಯಾದಗಿರಿಯಲ್ಲಿ ಜಿಲ್ಲೆಯ ಆಯ್ಕೆ. ಅಪ್ಪ ಅಂಗಡಿ ಮುಚ್ಚಿ, ಅವ್ವನನ್ನು ಕರೆದುಕೊಂಡು ಬಂದಿದ್ದ. ನನ್ನ ನೆಲದ ಕಸರತ್ತು ಅರ್ಧದವರೆಗೆ ಚೆನ್ನಾಗಿಯೇ ನಡೆಯಿತು. ಹಿಮ್ಮುಖ ಪಲ್ಟಿಯಲ್ಲಿ ಕೈ ಊರಿದಾಗ ಬಲಗೈ ನನ್ನನ್ನು ಹೊರಲಿಲ್ಲ. ಹೆಗಲ ಮೇಲೆ ಬಿದ್ದೆ. ಎದ್ದು ನೋಡಿದರೆ ಮಣಿಕಟ್ಟು ಕಣ್ಣೆದುರೇ ಊದುತ್ತಿತ್ತು. ಅಕ್ಕೋರು ಮ್ಯಾಟಿನ ಮೇಲೆ ಓಡಿ ಬಂದರು, ಸೀಟಿ ಎಲ್ಲೋ ಕಿತ್ತು ಬಿದ್ದಿತ್ತು. ಅವರ ಮುಖ ಅಷ್ಟು ಬಿಳಿಚಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಅಲ್ಲಿಂದ ಕಲಬುರಗಿಗೆ, ಎಲುಬಿನ ಡಾಕ್ಟರ ಹತ್ತಿರ. ಅವರು ಎಕ್ಸ್‌ರೇ ದೀಪಕ್ಕೆ ಹಿಡಿದು, ಮಣಿಕಟ್ಟಿನ ಹತ್ತಿರ ಎಲುಬಿಗೆ ಅಡ್ಡಲಾಗಿ ಇದ್ದ ಒಂದು ತೆಳು ಗೀಟು ತೋರಿಸಿದರು. ಎಲುಬು ಉದ್ದವಾಗುವುದು ಅಲ್ಲಿಂದ. ತಿಂಗಳುಗಟ್ಟಲೆ ಮೈಯ ಭಾರವೆಲ್ಲ ಬಿದ್ದು ಆ ಜಾಗ ಜಜ್ಜಿ ಹೋಗಿದೆ. ಸುಧಾರಿಸಿದರೆ ಸರಿ. ಅದು ಈಗಲೇ ಮುಚ್ಚಿಕೊಂಡರೆ ಆ ಎಲುಬು ಗಿಡ್ಡಾಗಿ ಉಳಿಯುತ್ತದೆ, ಪಕ್ಕದ್ದು ಬೆಳೆಯುತ್ತ ಹೋಗುತ್ತದೆ, ಕೈ ಸೊಟ್ಟಾಗುತ್ತದೆ. ಇಷ್ಟು ಹೇಳಿ ಡಾಕ್ಟರು ಕೇಳಿದರು, 'ಈ ವರ್ಷ ಹುಡುಗಿ ಭಾಳ ಎತ್ತರ ಆಗ್ಯಾಳೇನ್ರಿ?'

'ಇಲ್ರಿ' ಎಂದರು ಅಕ್ಕೋರು.

'ಆಗ್ಯಾಳ್ರಿ' ಎಂದಳು ಅವ್ವ. 'ಲಂಗದ ಅಂಚು ಬಿಚ್ಚಿ ಬಿಚ್ಚಿ ಇಳಿಸಾಕತ್ತೀನಿ. ಇನ್ನ ಬಿಚ್ಚಾಕ ಅಂಚ ಉಳದಿಲ್ಲ.'

ಅಕ್ಕೋರು ಅವ್ವನ ಕಡೆ ತಿರುಗಿದರು. 'ಮತ್ತ ಚಪ್ಪಲಿ? ಚಪ್ಪಲಿ ಹೆಂಗ ಬರೋಬರಿ ಆಗ್ತಾವ ಆಕಿಗಿ?'

ಅಪ್ಪನಿಗೆ ಈ ಪ್ರಶ್ನೆಯ ತಲೆಬುಡ ತಿಳಿಯಲಿಲ್ಲ. ಆದರೂ ತನಗೆ ಗೊತ್ತಿದ್ದ ವಿಷಯ ಬಂತೆಂದು ಮುಂದೆ ಬಂದು ಹೇಳಿದ, 'ನಾ ಯಾವಾಗ್ಲೂ ಎರಡ ನಂಬರ್ ದೊಡ್ಡದ ತರತೀನ್ರಿ ಅಕ್ಕೋರ. ಬೆಳ್ಯೋ ಕಾಲು ನೋಡ್ರಿ. ಜಾರಬಾರ್ದಂತ ಪಟ್ಟಿಗಿ ಬಟ್ಟಿ ಸುತ್ತಿ ಕೊಡತಾಳ ಇವರವ್ವ.'

ನಮ್ಮ ಊರುಗಳಲ್ಲಿ ಎಲ್ಲರೂ ಮಕ್ಕಳಿಗೆ ಚಪ್ಪಲಿ ಸ್ವಲ್ಪ ದೊಡ್ಡದೇ ತರುತ್ತಾರೆ. ನಮ್ಮಪ್ಪ ಎಲ್ಲರಿಗಿಂತ ಒಂದು ಕೈ ಮುಂದೆ ಹೋಗಿದ್ದ, ಅಷ್ಟೇ. ಬಾಲ್ಯವಿಡೀ ನಾನು ದೋಣಿಯಂಥ ಚಪ್ಪಲಿಗಳಲ್ಲಿ ಟಪಟಪ ನಡೆದವಳು. ಅವುಗಳೊಳಗೆ ನನ್ನ ಕಾಲು ಎಷ್ಟು ಬೆಳೆದರೂ ಹಿಮ್ಮಡಿ ಅಂಚಿಗೆ ಬರುವುದು ಸಾಧ್ಯವೇ ಇರಲಿಲ್ಲ. ಅಕ್ಕೋರು ಅಲ್ಲಿದ್ದ ಬೆಂಚಿನ ಮೇಲೆ ಕೂತರು. ಮೊದಲು ನಕ್ಕರು. ಜೋರಾಗಿಯೇ ನಕ್ಕರು, ಅಪ್ಪನೂ ಏನೆಂದು ತಿಳಿಯದೆ ಜೊತೆಗೆ ನಕ್ಕ. ಆಮೇಲೆ ಅವರು ಸೆರಗಿನಿಂದ ಮುಖ ಮುಚ್ಚಿಕೊಂಡರು, ಭುಜಗಳು ಅಲುಗುತ್ತಿದ್ದವು. ಅಪ್ಪನ ನಗು ಅಲ್ಲಿಗೇ ನಿಂತಿತು.

ಊರಿಗೆ ಬಂದ ಮೇಲೆ ಅಪ್ಪ, 'ಸಾಕಿನ್ನ' ಎಂದ. ಅವನನ್ನು ತಪ್ಪೆನ್ನಲಾರೆ. ಪೇಟೆಯಲ್ಲಿ ಮಾತು ಹಬ್ಬಿತ್ತು. ಸೊಟ್ಟ ಕೈಯ ಅಕ್ಕೋರು ಹುಡುಗಿಯ ಕೈಯನ್ನೂ ಸೊಟ್ಟ ಮಾಡಿದರು ಎಂದು ಅಂದವರೂ ಇದ್ದರು. ನನ್ನ ಮುಂದೆಯೇ ಅಂದರು, ಆ ಮಾತು ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಕೆಲವರು ತಮ್ಮ ಹೆಣ್ಣುಮಕ್ಕಳನ್ನು ಬಿಡಿಸಿದರು.

ಒಂದು ಸಂತೆಯ ದಿನ, ಅಂಗಡಿ ತುಂಬ ಗಿರಾಕಿಗಳಿದ್ದಾಗ ಅಕ್ಕೋರು ಬಂದರು. ಒಳಗೆ ಕರೆದರೂ ಬರಲಿಲ್ಲ. ಜೋಳದ ಚೀಲಗಳ ಪಕ್ಕದಲ್ಲಿ, ಎಲ್ಲರಿಗೂ ಕೇಳುವ ಹಾಗೆ ನಿಂತು ಹೇಳಿದರು:

'ಸಾವ್ಕಾರ್ರ, ನಿಮ್ಮ ಮಗಳು ನೋವದ ಅಂತ ನನಗ ಖರೆ ಹೇಳಿದ್ಳು. ನಾ ಆಕಿ ಮಾತು ಬಿಟ್ಟು ಚಪ್ಪಲಿ ಮಾತು ನಂಬಿದೆ. ತಪ್ಪು ನಂದು. ನಿಮ್ದಲ್ಲ, ಆಕಿದಲ್ಲ.'

ತೂಕದ ತಕ್ಕಡಿ ಅಪ್ಪನ ಕೈಯಲ್ಲಿ ಹಾಗೇ ನಿಂತಿತ್ತು. 'ಅಕ್ಕೋರ, ಇದೇನ್ರಿ ಮಂದ್ಯಾಗ...' ಎಂದ.

'ಮಂದ್ಯಾಗ ಹೇಳ್ಬೇಕಂತ ಬಂದೀನ್ರಿ. ಇನ್ನೊಂದು. ಆಕಿನ್ನ ಕಲಬುರಗಿ ಡಾಕ್ಟರ ಕಡಿ ನಾ ಕರ್ಕೊಂಡ ಹೋಗ್ತೀನಿ, ಪ್ರತಿ ಸಲ. ಇಷ್ಟ ನಡಸಿಕೊಡ್ರಿ.'

ಅಪ್ಪ ತಕ್ಕಡಿ ಕೆಳಗಿಟ್ಟ. ಒಂದು ಮುಷ್ಟಿ ಒಣದ್ರಾಕ್ಷಿ ತೆಗೆದು ಕಾಗದದಲ್ಲಿ ಕಟ್ಟಿ ಅವರ ಕೈಗೆ ಕೊಟ್ಟ. ನಮ್ಮಪ್ಪ ಮಾತಿನಲ್ಲಿ ಸೋತಾಗ ಮಾಡುತ್ತಿದ್ದ ಕೆಲಸ ಅದು. ಅಂದರೆ ಒಪ್ಪಿಗೆ.

ಹೀಗೆ ನಮ್ಮ ಕಲಬುರಗಿ ಪ್ರಯಾಣಗಳು ಶುರುವಾದವು. ಬೆಳಗಿನ ಬಸ್ಸು, ಶಹಾಪುರದ ನಿಲ್ದಾಣದಲ್ಲಿ ಮಿರ್ಚಿ ಭಜಿ ಮತ್ತು ಮಂಡಕ್ಕಿ ಸುಸಲಾ, ಡಾಕ್ಟರ ಬಾಗಿಲಲ್ಲಿ ಕಾಯುವುದು, ಮತ್ತೆ ವಾಪಸ್. ನನಗದು ಹಬ್ಬ. ಅವರಿಗೆ ಏನಾಗಿತ್ತೆಂದು ನನಗೆ ಆಗ ತಿಳಿಯುತ್ತಿರಲಿಲ್ಲ. ಹೋಗುವಾಗ ಅವರು ಒಂದು ತುಂಡೂ ಬಾಯಿಗೆ ಹಾಕುತ್ತಿರಲಿಲ್ಲ, ನಾನು ತಿನ್ನುವುದನ್ನೇ ನೋಡುತ್ತಿದ್ದರು. ಬರುವಾಗ ಹೊಸ ಎಕ್ಸ್‌ರೇಯನ್ನು ಲಕೋಟೆಯಿಂದ ತೆಗೆದು ಬಸ್ಸಿನ ಕಿಟಕಿಗೆ ಹಿಡಿಯುವರು. ಹೊರಗೆ ಹತ್ತಿ ಹೊಲ, ತೊಗರಿ ಹೊಲ ಓಡುತ್ತಿರುತ್ತಿದ್ದವು, ಅವುಗಳ ಮೇಲೆ ನನ್ನ ಕೈಯ ಎಲುಬು. ಅಕ್ಕೋರು ಬೆರಳಿಟ್ಟು ತೋರಿಸುವರು, 'ಗೀಟು ಅದ ನೋಡು. ಇನ್ನೂ ಅದ.' ಡಾಕ್ಟರು ಹೇಳಿದ್ದನ್ನು ಮತ್ತೆ ತಾವೇ ನೋಡಿ ಖಾತ್ರಿ ಮಾಡಿಕೊಂಡ ಮೇಲೆಯೇ ರೊಟ್ಟಿ ಬುತ್ತಿ ಬಿಚ್ಚುವರು. ಶೇಂಗಾ ಹಿಂಡಿ ಹಚ್ಚಿದ ಆ ಕಟಕ ರೊಟ್ಟಿಯನ್ನು ಅವರು ತಿನ್ನುತ್ತಿದ್ದ ರೀತಿಗೆ ಪಕ್ಕದ ಸೀಟಿನವರಿಗೂ ಹಸಿವಾಗುತ್ತಿತ್ತು.

ಇಂಥ ಒಂದು ಪ್ರಯಾಣದಲ್ಲೇ ಅವರು ತಮ್ಮ ಮೊಣಕೈ ಕಥೆ ಹೇಳಿದ್ದು. ಚಿಕ್ಕವರಿದ್ದಾಗ ಗರಡಿಯ ಕಂಬದ ಮೇಲೆ ಹುಡುಗರು ಮಾಡುವ ಕಸರತ್ತನ್ನು ಕದ್ದು ನೋಡಿ, ಯಾರೂ ಇಲ್ಲದಾಗ ತಾವೂ ಹತ್ತುತ್ತಿದ್ದರಂತೆ. ಬಿದ್ದರು. ಹೆಣ್ಣುಹುಡುಗಿ ಕಂಬ ಹತ್ತಿದಳೆಂದರೆ ಬೈಗುಳ, ಹಾಗಾಗಿ ಹೇಳಲಿಲ್ಲ. ಊತ ಇಳಿಯಿತು, ಕೈ ಹಾಗೇ ನಿಂತಿತು.

'ಮನ್ಯಾಗ ಯಾರೂ ಕೇಳಲಿಲ್ಲೇನ್ರಿ?' ಎಂದೆ.

'ಎಲ್ಲಾರೂ ಯಾಕ ಬಿದ್ದಿ ಅಂತ ಕೇಳಿದ್ರು. ಎಲ್ಲಿ ನೋಯಾಕತ್ತದ ಅಂತ ಒಬ್ರೂ ಕೇಳಲಿಲ್ಲವ್ವಾ' ಎಂದರು. ನನ್ನ ಮಣಿಕಟ್ಟು ಮುಟ್ಟಿ, 'ನಾ ಕೇಳಿದೆ. ಕೇಳಿ ಏನ ಮಾಡಿದೆ?' ಎಂದರು. ನನಗೆ ಅಳು ಬಂತು. ಅವರ ತೋಳಿಗೆ ಮುಖ ಒತ್ತಿಕೊಂಡು ನಿದ್ದೆ ಬಂದವಳಂತೆ ಕೂತೆ.

ಆ ದಿನಗಳಲ್ಲಿ ಅಪ್ಪನನ್ನು ಒಲಿಸಿ ನನ್ನನ್ನು ಮತ್ತೆ ಹಾಲ್‌ಗೆ ಕರೆಸಿಕೊಂಡರು. 'ಕೈ ರಜಾ ಮ್ಯಾಲ ಅದ. ಕಾಲು ಡ್ಯೂಟಿಗಿ ಬರ್ಲಿ' ಎಂದರು. ಬಡಗಿ ಮಾಡಿಕೊಟ್ಟ ಕಟ್ಟಿಗೆಯ ತೊಲೆಯ ಮೇಲೆ ನಡೆಯುವುದು, ಒಂಟಿಗಾಲಲ್ಲಿ ನಿಲ್ಲುವುದು, ಮೈ ಬಗ್ಗಿಸುವುದು. ಕೈಗೆ ಭಾರ ಬೀಳುವುದೊಂದು ಬಿಟ್ಟು ಎಲ್ಲವನ್ನೂ ಮಾಡಿಸಿದರು. ನಾನು ಮರೆತು ಎಲ್ಲಾದರೂ ಕೈ ಊರಿದರೆ ಸೀಟಿ ಊದಿ ಊದಿ ಕಿವಿ ಕಿವುಡು ಮಾಡುವರು.

ಚಪ್ಪಲಿ ನೋಡುವುದನ್ನು ಅವರು ಬಿಟ್ಟೇಬಿಟ್ಟರು. ಅದರ ಬದಲಿಗೆ ಭಾನುವಾರ ಮನೆಮನೆಗೆ ಹೋಗಿ ತಾಯಂದಿರನ್ನು ಕೇಳತೊಡಗಿದರು, 'ಲಂಗದ ಅಂಚು ಬಿಚ್ಚೀರೇನ್ರಿ?' ಮೊದಮೊದಲು ಪೇಟೆಯ ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ಆಮೇಲೆ ಅದು ರೂಢಿಯಾಯಿತು. ಅಕ್ಕೋರು ಓಣಿಯಲ್ಲಿ ಕಾಣಿಸಿದರೆ ಸಾಕು, ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದವರು ತಾವಾಗಿಯೇ ಕೂಗುತ್ತಿದ್ದರು, 'ನಮ್ಮಾಕಿದು ಬಿಚ್ಚೀನ್ರೀ ಅಕ್ಕೋರ, ಒಂದ ಬೆರಳ!' ಅಂಥ ಹುಡುಗಿಗೆ ಮರುದಿನದಿಂದ ಜಿಗಿತ ಬಂದ್. ಬಿಡಿಸಿಕೊಂಡು ಹೋಗಿದ್ದವರೂ ಒಬ್ಬೊಬ್ಬರಾಗಿ ಮಕ್ಕಳನ್ನು ತಂದು ಸೇರಿಸಿದರು. ಪದಕಗಳು ಕಡಿಮೆಯೇ ಬಂದವು. ನಾವು ಗೆದ್ದದ್ದಕ್ಕಿಂತ ಕೂತದ್ದೇ ಹೆಚ್ಚು ಎಂದು ಬೇರೆ ಊರಿನ ಕೋಚುಗಳು ನಗುತ್ತಿದ್ದರಂತೆ. ನಗಲಿ ಬಿಡಿ. ನಮ್ಮ ಹಾಲ್‌ನಲ್ಲಿ ಕುಣಿದ ಹುಡುಗಿಯರು ಇವತ್ತು ನೆಟ್ಟಗೆ ನಡೆದಾಡುತ್ತಿದ್ದಾರೆ.

ನನ್ನ ಗೀಟು ಅವಧಿಗೆ ಮೊದಲೇ ಮುಚ್ಚಲಿಲ್ಲ. ಎರಡು ಎಲುಬುಗಳೂ ಜೊತೆಜೊತೆಗೆ ಬೆಳೆದವು. ಇನ್ನು ಬರಬೇಕಿಲ್ಲ ಎಂದು ಡಾಕ್ಟರು ಹೇಳಿದ ದಿನ ಅಕ್ಕೋರು ಬಸ್ಸಿನಲ್ಲಿ ಎಕ್ಸ್‌ರೇ ತೆಗೆಯಲೇ ಇಲ್ಲ, ಶಹಾಪುರ ಬರುವವರೆಗೂ ಬಾಯಿ ತೆರೆದು ನಿದ್ದೆ ಹೋದರು. ನಾನು ರಾಜ್ಯಮಟ್ಟಕ್ಕೆ ಆಡಲಿಲ್ಲ. ಅಷ್ಟರಲ್ಲಿ ಆ ವಯಸ್ಸು ದಾಟಿತ್ತು. ಓದಿದೆ, ದೈಹಿಕ ಶಿಕ್ಷಣದ ತರಬೇತಿ ಪಡೆದೆ. ಈಗ ಶಹಾಪುರದ ಹತ್ತಿರ ಒಂದು ಶಾಲೆಯಲ್ಲಿ ನಾನೂ ಅಕ್ಕೋರೇ, ಹೊಸ ಮಕ್ಕಳು ಮೇಡಂ ಎನ್ನುತ್ತಾರೆ.

ಡಾಕ್ಟರು ಸಾಕೆಂದರೂ ಅಕ್ಕೋರಿಗೆ ಸಾಕಾಗಿರಲಿಲ್ಲ. ಎಲ್ಲಿ ಸಿಕ್ಕರೂ, ಬಸ್‌ಸ್ಟ್ಯಾಂಡಿನಲ್ಲಾಗಲಿ ಯಾರದೋ ಮದುವೆಯಲ್ಲಾಗಲಿ, ಮೊದಲ ಕೆಲಸ ನನ್ನ ಎರಡೂ ಕೈ ಹಿಡಿದು ಮಣಿಕಟ್ಟುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡುವುದು. ಆಮೇಲೆಯೇ 'ಹೆಂಗಿದ್ದೀ?' ನನ್ನ ಮದುವೆಯಲ್ಲಿ ಅಕ್ಷತೆ ಬೀಳುತ್ತಿದ್ದಂತೆ ಮಂಟಪ ಹತ್ತಿ ಬಂದು, ಮೊಣಕೈವರೆಗೆ ತೊಡಿಸಿದ್ದ ಹಸಿರು ಬಳೆಗಳನ್ನು ಮೇಲಕ್ಕೆ ಸರಿಸಿ ಕೈ ನೋಡಿದರು. ಒಂದೆರಡು ಬಳೆ ಒಡೆದವು. ಅತ್ತೆಯ ಕಡೆಯವರು ಇದೇನು ಎಂದು ಗುಸುಗುಸು ಎಂದರು. 'ಅವ್ರು ನಮ್ಮ ಅಕ್ಕೋರು, ನೋಡ್ಲಿ ಬಿಡ್ರಿ' ಎಂದು ಅಪ್ಪ ಒಂದೇ ಮಾತಿನಲ್ಲಿ ಎಲ್ಲರ ಬಾಯಿ ಮುಚ್ಚಿಸಿದ. ನನಗೂ ಒಮ್ಮೊಮ್ಮೆ ಬೇಜಾರಾಗುತ್ತಿತ್ತು. ಇಷ್ಟು ವರ್ಷಗಳ ಮೇಲೂ ಇವರು ನನ್ನಲ್ಲಿ ತಮ್ಮ ತಪ್ಪನ್ನೇ ಕಾಣುತ್ತಾರಲ್ಲ, ನಾನು ಬರೀ ನಾನಾಗಿ ಕಾಣುವುದು ಯಾವಾಗ ಎನ್ನಿಸುತ್ತಿತ್ತು. ಎಷ್ಟೋ ಸಲ ಹೇಳಿದೆ, 'ಛಲೋ ಅದರಿ, ಏನೂ ಆಗಿಲ್ಲ.' ಅವರು ತಲೆಯಾಡಿಸಿ ಮತ್ತೆ ನೋಡುವರು.

ಅಕ್ಕೋರು ಹೋಗಿ ಎರಡು ವರ್ಷವಾಯಿತು. ಮೂತ್ರಪಿಂಡ ಕೆಟ್ಟಿತ್ತು. ಕೊನೆಯ ತಿಂಗಳುಗಳಲ್ಲಿ ತಂಗಿಯ ಮನೆಯಲ್ಲಿದ್ದರು, ಸುರಪುರದಲ್ಲೇ. ಹಾಸಿಗೆಯ ಹತ್ತಿರ ಯಾವಾಗ ನೋಡಿದರೂ ಅವರ ಹಳೆಯ ಹುಡುಗಿಯರು ಯಾರಾದರೂ ಇರುತ್ತಿದ್ದರು. ಅಷ್ಟು ದೊಡ್ಡ ಆಳು ಮಗುವಿನಷ್ಟಾಗಿದ್ದರು, ಮುಖದಲ್ಲಿ ಕಣ್ಣು ಮಾತ್ರ ಉಳಿದಿದ್ದವು.

ನಾನು ಕೊನೆಯ ಸಲ ಹೋದದ್ದು ಒಂದು ಮಧ್ಯಾಹ್ನ. ಪಕ್ಕದಲ್ಲಿ ಕೂತು, ಅವರು ಕೇಳುವ ಮೊದಲೇ ಎರಡೂ ಕೈಗಳನ್ನು ಜೋಡಿಸಿ ಅವರ ಮುಂದೆ ಹಿಡಿದೆ. ಏಳಲು ಆಗದವರಿಗೆ ತೊಂದರೆ ಬೇಡವೆಂದು ಇನ್ನೂ ಹತ್ತಿರಕ್ಕೆ ತಂದೆ. ಅಕ್ಕೋರು ಆ ಕೈಗಳನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಎಡಗೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ಬಲಗೈಯನ್ನು, ನೋವು ಕಂಡಿದ್ದ ಆ ಕೈಯನ್ನು, ತಮ್ಮ ಅಂಗೈಯಲ್ಲಿ ಇಟ್ಟುಕೊಂಡರು.

'ಯಾಕ್ರಿ, ನೋಡಾಂಗಿಲ್ಲೇನು?' ಎಂದೆ.

'ನೋಡಿದ್ದು ಸಾಕು' ಎಂದರು. 'ಇವತ್ತ ಸುಮ್ನ ಹಿಡ್ಕೊಂಡ ಕೂಡ್ತೀನಿ.'

ಹೊರಗೆ ಅವರ ತಂಗಿ ಪಾತ್ರೆ ತೊಳೆಯುತ್ತಿದ್ದಳು. ಅಕ್ಕೋರು ಕಣ್ಣು ಮುಚ್ಚಿದರು. ಅವರು ನನ್ನ ಕೈಯನ್ನು ಬರೀ ಕೈ ಎಂದು ಹಿಡಿದದ್ದು ಅದೇ ಮೊದಲು. ಸಂಜೆಯ ಬಸ್ಸು ಹೋಯಿತು, ನಾನು ಏಳಲಿಲ್ಲ.